ಜಾಲಪುಟವೂ ಕನ್ನಡದ ಒತ್ತಕ್ಷರವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಈಗ ಜಾಲಪುಟದ ಕೆಲಸವು ಆಗಾಗ್ಗೆ ಬೀಳದೆ ಇರದು. ಹೊಲದ ಪಹಣಿಯನ್ನು ನೋಡಬೇಕಾದರೆ ಜಾಲಪುಟ. ಮಗಳ ಪರೀಕ್ಷೆಯ ಫಲಿತಾಂಶವು ಬಂದಿತೋ ಇಲ್ಲವೋ ತಿಳಿಯಬೇಕಾದರೆ ಜಾಲಪುಟ. ಜಾತಿ ಆದಾಯಗಳ ಪ್ರಮಾಣಪತ್ರಕ್ಕೆ, ರೈಲಿನ ಟಿಕೀಟಿಗೆ, ವಿದ್ಯಾರ್ಥಿವೇತನದ ಅರ್ಜಿಗೆ ಎಲ್ಲಕ್ಕೂ ಅದೇ. ಹಿಂದೆ ತಹಶೀಲ್ದಾರರ ಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತು ಮಾಡಿಸಿಕೊಂಡು ಬರುತ್ತಿದ್ದ ಕೆಲಸವನ್ನು ಈಗ ಅಂಗೈಯಗಲದ ಗಾಜಿನ ಮೇಲೆ ಬೆರಳಾಡಿಸಿ ಮುಗಿಸಬೇಕಾಗಿದೆ. ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಿಂದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ್ದು ೨೦೦೦ನೆಯ ಇಸವಿಯ ಸುಮಾರಿನಲ್ಲಿ. ಆಗ ಯಂತ್ರವು ಕಚೇರಿಯಲ್ಲಿತ್ತು. ಅದರ ಮುಂದೆ ಕುಳಿತವನು ತರಬೇತಿ ಹೊಂದಿದ ನೌಕರನು. ಈಗ ಯಂತ್ರವು ಮನೆಯಲ್ಲಿದೆ. ಅದರ ಮುಂದೆ ಕುಳಿತವಳು ಒಲೆಯ ಮೇಲೆ ಎಸರಿಟ್ಟು ಬಂದ ಗೃಹಿಣಿ. ಆದಕಾರಣ ಜಾಲಪುಟವನ್ನು ಯಾರು ಹೇಗೆ ಕಟ್ಟುತ್ತಾರೆಂಬ ಪ್ರಶ್ನೆಯು ಕೇವಲ ಬೆಂಗಳೂರಿನ ತಂತ್ರಜ್ಞರಿಗೆ ಸೇರಿದ್ದೆಂದು ನಾವು ಸುಮ್ಮನಿರುವಂತಿಲ್ಲ. ಅದೀಗ ಮನೆವಾರ್ತೆಯ ಪ್ರಶ್ನೆಯಾಗಿದೆ.

ಜಾಲಪುಟವನ್ನು ಕಟ್ಟುವ ಕಸುಬಿನಲ್ಲಿ ಎರಡು ಪಾಲುಗಳುಂಟು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪಡಸಾಲೆಯು ಒಂದು, ಕಾಳು ತುಂಬುವ ಹಗೇವು ಇನ್ನೊಂದು. ಬಂದವರು ಹಗೇವನ್ನು ಕಾಣರು. ಅವರು ಕುಳ್ಳುವುದೂ ಮಾತನಾಡುವುದೂ ಪಡಸಾಲೆಯಲ್ಲಿಯೇ. ಹಾಗೆಯೇ ನಮ್ಮ ಹೆಸರು, ಸರ್ವೇ ನಂಬರು, ಅಂಕಗಳು ಮೊದಲಾದುವುಗಳನ್ನು ತುಂಬಿಡುವ ಹಿಂಬದಿಯ ಕೆಲಸಕ್ಕೆ ಬ್ಯಾಕ್ ಎಂಡ್ ಎಂದೂ, ನಮ್ಮ ಕಣ್ಣಿಗೆ ಬೀಳುವ ಮುಂಭಾಗಕ್ಕೆ ಫ್ರಂಟ್ ಎಂಡ್ ಎಂದೂ ಕಸುಬಿನವರು ಹೇಳುವರು. ಹಗೇವಿನಲ್ಲಿ ಎಷ್ಟು ಕಾಳಿದ್ದರೇನು, ಪಡಸಾಲೆಗೆ ಏರುವ ಮೆಟ್ಟಿಲೇ ಮುರಿದಿದ್ದರೆ ಬಂದವರು ಬಂದ ಹಾಗೆ ಹಿಂದಿರುಗುವರು.

ಈ ಮುಂಭಾಗವನ್ನು ಕಟ್ಟಲು ಮೂರು ಸಾಮಗ್ರಿಗಳು ಬೇಕು. ಮೊದಲನೆಯದು ಎಚ್‌ಟಿಎಂಎಲ್, ಇದು ಮನೆಯ ಕಂಬ ತೊಲೆಗಳಂತೆ. ಜಿನೀವಾದ ಬಳಿಯ ಸೆರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿದ್ವಾಂಸರು ೧೯೮೯ರಲ್ಲಿ ವಿಶ್ವಜಾಲದ ಯೋಚನೆಯನ್ನು ಮುಂದಿಟ್ಟು ೧೯೯೧ರಲ್ಲಿ ಅದನ್ನು ಲೋಕಕ್ಕೆ ತೆರೆದರು. ಎರಡನೆಯದು ಸಿಎಸ್‌ಎಸ್, ಇದು ಸುಣ್ಣ ಬಣ್ಣ, ಅಳತೆ, ಅಲಂಕಾರ. ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು ೧೯೯೪ರಲ್ಲಿ ಇದನ್ನು ಸೂಚಿಸಿದರು. ೧೯೯೬ರಲ್ಲಿ ಇದಕ್ಕೆ ಶಿಷ್ಟರೂಪವು ಬಂದಿತು. ಮೂರನೆಯದು ಜಾವಾಸ್ಕ್ರಿಪ್ಟ್, ಇದು ಬಾಗಿಲಿನ ಕೀಲು, ತೊಟ್ಟಿಲಿನ ಸರಪಣಿಗಳಂತೆ ಪುಟಕ್ಕೆ ಚಲನೆಯನ್ನು ಕೊಡುವುದು. ೧೯೯೫ರಲ್ಲಿ ಬ್ರೆಂಡನ್ ಐಕ್ ಎಂಬವರು ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಆತುರದಲ್ಲಿ ಮಾಡಿದ ಕೆಲಸವು ಮೂವತ್ತು ವರ್ಷ ನಿಂತಿತೆಂದು ಆಶ್ಚರ್ಯಪಡಬೇಕೋ, ಮೂವತ್ತು ವರ್ಷ ಅದರ ಆತುರವನ್ನು ಜಗತ್ತು ಸಹಿಸಿತೆಂದು ಆಶ್ಚರ್ಯಪಡಬೇಕೋ ನಾನು ಹೇಳಲಾರೆನು.

ಇವೆಲ್ಲವೂ ಹುಟ್ಟಿದ್ದು ಇಂಗ್ಲೀಷು ಬರೆಯುವ ಕೈಗಳಲ್ಲಿ. ಇಂಗ್ಲೀಷಿನ ಅಕ್ಷರಗಳು ಸಾಲಾಗಿ ನಿಂತ ಸಿಪಾಯಿಗಳಂತೆ ಒಂದರ ಪಕ್ಕದಲ್ಲಿ ಒಂದು ನಿಲ್ಲತಕ್ಕವು. ಕನ್ನಡದ ಅಕ್ಷರವೋ ತುಂಬಿದ ಸಂಸಾರ. ತಲೆಯ ಮೇಲೆ ಗುಡಿಸು, ಮಗ್ಗುಲಲ್ಲಿ ಕೊಂಬು, ಕಾಲ ಕೆಳಗೆ ಒತ್ತು, ಅದರ ಬದಿಗೆ ಮತ್ತೊಂದು ಒತ್ತು. ಒಂದರ ಕೆಳಗೊಂದು ಅಕ್ಷರವನ್ನು ಇಡುವ ಈ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿರುವುದು ೧೯೩೧ರಲ್ಲಿ ಬೆಳಕಿಗೆ ಬಂದಿತಷ್ಟೆ. ಅಂತಹ ಶಾಸನಗಳ ಬ್ರಾಹ್ಮೀ ಲಿಪಿಯಲ್ಲಿಯೂ ಕೂಡಿದ ವ್ಯಂಜನಗಳನ್ನು ಹೀಗೆಯೇ ಕೆಳಕ್ಕಿಳಿಸಿ ಬರೆಯುತ್ತಿದ್ದರು. ಎರಡು ಸಾವಿರದ ಇನ್ನೂರು ವರ್ಷಗಳ ಈ ಅಭ್ಯಾಸಕ್ಕೆ ಜಾಲಪುಟದ ಮೂಲ ಅಳತೆಯಲ್ಲಿ ಎಡೆಯಿರಲಿಲ್ಲ. ಕಲ್ಲುಕುಟಿಗನು ಬಂಡೆಯನ್ನು ನೋಡಿ ಅಕ್ಷರಕ್ಕೆ ಸ್ಥಳ ಬಿಟ್ಟನು; ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಒತ್ತನ್ನು ನೋಡಿ ಸಾಲು ಬಿಟ್ಟನು; ಜಾಲಪುಟವನ್ನು ಕಟ್ಟುವವನು ಮಾತ್ರ ಅನೇಕ ವೇಳೆ ಕನ್ನಡವನ್ನು ನೋಡದೆಯೇ ಕಟ್ಟುವನು.

ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣವೇನೂ ಬೇಡ. ನಮ್ಮ ಸೀಮೆಯ ನಾಲ್ಕು ಊರುಗಳ ಹೆಸರುಗಳೇ ಸಾಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಎಣಿಸಿರುವುದು. ಆ ಕೊಪಣವೇ ಇಂದಿನ ಕೊಪ್ಪಳ. ತಿರುಳ್ಗನ್ನಡವನ್ನು ಅಳೆಯಲು ಅಂದು ಸಲ್ಲುತ್ತಿದ್ದ ಊರು ಇಂದು ತೆರೆಯ ಕನ್ನಡವನ್ನು ಅಳೆಯಲೂ ಸಲ್ಲುವುದೆಂಬುದು ಸಂತೋಷದ ಮಾತಲ್ಲವೆ?

ಮೊದಲು ‘ಕೊಪ್ಪಳ’ವನ್ನೇ ತೆಗೆದುಕೊಳ್ಳೋಣ. ಇದರ ನಡುವಣ ‘ಪ್ಪ’ದಲ್ಲಿ ಒತ್ತು ಕೆಳಗಿಳಿಯುವುದು. ಇಂಗ್ಲೀಷಿಗೆ ಹೊಂದಿಸಿ ಸಾಲಿನ ಎತ್ತರವನ್ನು ಬಿಗಿಯಾಗಿ ಗೊತ್ತುಮಾಡಿದ ಗುಂಡಿಯಲ್ಲಿ, ಪಟ್ಟಿಯಲ್ಲಿ ಇದನ್ನು ಇಟ್ಟರೆ ಒತ್ತು ಕತ್ತರಿಸಿಹೋಗಿ ‘ಕೊಪಳ’ವೆಂದು ಕಾಣುವುದು, ಇಲ್ಲವೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗುವುವು. ಇಂಗ್ಲೀಷಿನ ಅಕ್ಷರದ ಬಾಲ ಸ್ವಲ್ಪ ತುಂಡಾದರೆ ಶಬ್ದವು ಕೆಡದು. ಕನ್ನಡದಲ್ಲಿ ಒತ್ತು ಹೋದರೆ ಅರ್ಥವೇ ಹೋಯಿತು. ಮಗ್ಗಕ್ಕೆ ಸಾಲ ಬೇಡಿದ ನೇಕಾರನು ಮಗನಿಗೆ ಸಾಲ ಬೇಡಿದಂತಾಗುವನು; ಕತ್ತೆಯು ಕತೆಯಾಗುವುದು; ಹಳ್ಳಿಯು ಹಳಿಯಾಗುವುದು. ನಗು ಬರುವುದು ನಿಜ. ಆದರೆ ಅರ್ಜಿಯನ್ನು ತುಂಬುವವಳಿಗೆ ನಗು ಬಾರದು. ಇದಕ್ಕೆ ಚಿಕಿತ್ಸೆ ಅತಿ ಸುಲಭ. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆಯಷ್ಟಕ್ಕೆ ಕಡಿಮೆಯಾಗದಂತೆ ಬರೆಯುವುದು, ಪೆಟ್ಟಿಗೆಗಳ ಎತ್ತರವನ್ನು ಕಟ್ಟಿಹಾಕದೆ ಒಳಗಿನ ಬರಹಕ್ಕೆ ತಕ್ಕಂತೆ ಬೆಳೆಯಗೊಡುವುದು. ಎರಡು ಸಾಲಿನ ಬರವಣಿಗೆ. ಇಷ್ಟು ಸುಲಭವಾದುದು ಇಷ್ಟು ಅಪರೂಪವಾಗಿರಲು ಕಾರಣವೊಂದೇ. ಕಟ್ಟಿದವನು ತನ್ನ ಪುಟವನ್ನು ಕನ್ನಡದಲ್ಲಿ ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ಎರಡನೆಯದು ‘ಕುಷ್ಟಗಿ’. ನಾವು ಎಣಿಸಿದರೆ ಇದರಲ್ಲಿ ಮೂರು ಅಕ್ಷರಗಳು: ಕು, ಷ್ಟ, ಗಿ. ಯಂತ್ರವು ಎಣಿಸಿದರೆ ಏಳು! ಕಕಾರ, ಉಕಾರದ ಕೊಂಬು, ಷಕಾರ, ಅದನ್ನು ಮುಂದಿನದಕ್ಕೆ ಕಟ್ಟುವ ವಿರಾಮಚಿಹ್ನೆ, ಟಕಾರ, ಗಕಾರ, ಇಕಾರದ ಗುಡಿಸು. ಇವೊಂದೊಂದಕ್ಕೂ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆಯುಂಟು. ಸಾಗಿಸುವಾಗ ಈ ಒಂದೊಂದು ಸಂಖ್ಯೆಯೂ ಸಾಮಾನ್ಯವಾಗಿ ಮೂರು ಬೈಟುಗಳ ಸ್ಥಳವನ್ನು ಹಿಡಿಯುವುದರಿಂದ ಮೂರಕ್ಷರದ ಕುಷ್ಟಗಿಯು ೨೧ ಬೈಟುಗಳಾಗುವುದು. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಯಂತ್ರದ ಲೆಕ್ಕದಲ್ಲಿ ಆರು. ಹೀಗಿರಲು, ಹೆಸರಿನ ಮನೆಯಲ್ಲಿ ಇಪ್ಪತ್ತು ಚಿಹ್ನೆಗಳಿಗೆ ಮಿತಿ ಹಾಕಿದ ಪುಟದಲ್ಲಿ ಇಂಗ್ಲೀಷಿನವನ ಹೆಸರು ಸುಖವಾಗಿ ಕುಳಿತುಕೊಳ್ಳುವುದು. ನಮ್ಮ ಹೆಣ್ಣುಮಗಳ ಹೆಸರು ತಂದೆಯ ಹೆಸರಿನೊಡನೆ ಸೇರಿ ಅರ್ಧಕ್ಕೆ ನಿಂತುಬಿಡುವುದು. ತಪ್ಪು ಬರೆದು ಅಳಿಸಹೋದರೆ ಪೂರ್ಣಾಕ್ಷರವು ಹೋಗದೆ ಒಂದೊಂದೇ ಅಂಗವು ಕಳಚಿ ಬೀಳುವುದನ್ನು ಫೋನಿನಲ್ಲಿ ಕನ್ನಡ ಬರೆಯುವವರೆಲ್ಲರೂ ಬಲ್ಲರು. ಪುಟವನ್ನು ಕಟ್ಟುವವನು ಅಕ್ಷರವೆಂದರೇನೆಂದು ಕನ್ನಡ ಶಾಲೆಯ ಒಂದನೆಯ ತರಗತಿಯ ಮಗುವನ್ನು ಕೇಳಿದ್ದರೂ ಸಾಕಾಗುತ್ತಿತ್ತು.

ಮೂರನೆಯದಾದ ‘ಯಲಬುರ್ಗಾ’ ಕೊಂಚ ಸೂಕ್ಷ್ಮ. ಇದರ ಕೊನೆಯಲ್ಲಿ ಅರ್ಕಾವತ್ತು ಇದೆ. ನಾಲಗೆಯು ರೇಫವನ್ನು ಮೊದಲು ನುಡಿದು ಗಕಾರವನ್ನು ಆಮೇಲೆ ನುಡಿಯುವುದು. ಲೇಖನಿಯಾದರೋ ಗಕಾರವನ್ನು ಮೊದಲು ಬರೆದು ಅರ್ಕಾವತ್ತನ್ನು ಆಮೇಲೆ ಇಡುವುದು. ಯಂತ್ರದ ಒಳಗೆ ನಾಲಗೆಯ ಕ್ರಮದಲ್ಲಿಯೇ ಬರೆದಿಡುವರು; ತೆರೆಯ ಮೇಲೆ ಲೇಖನಿಯ ಕ್ರಮದಲ್ಲಿ ತೋರಿಸಬೇಕು. ಈ ಮಾರ್ಪಾಟನ್ನು ಮಾಡುವ ಪ್ರತ್ಯೇಕ ತಂತ್ರಾಂಶಗಳುಂಟು. ಆಂಡ್ರಾಯ್ಡ್ ಫೋನುಗಳಲ್ಲಿಯೂ, ಕ್ರೋಮ್ ಫೈರ್‌ಫಾಕ್ಸ್ ಮೊದಲಾದ ಬ್ರೌಸರುಗಳಲ್ಲಿಯೂ ದುಡಿಯುವುದಕ್ಕೆ ಹರ್ಫ್‌ಬಜ್ ಎಂದು ಹೆಸರು. ಇದು ಪಾರಸಿಯ ಮಾತು: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿದ್ದು ಉರ್ದುವಿನಲ್ಲಿ ಶಾಲೆ ಕಲಿತ ನಮ್ಮ ಸೀಮೆಯ ಹಿರಿಯರಿಗೆ ಈ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ತಂತ್ರಾಂಶವಿಲ್ಲದೆ ಪ್ರಮಾಣಪತ್ರವನ್ನೋ ರಸೀದಿಯನ್ನೋ ಪಿಡಿಎಫ್ ಕಡತವಾಗಿ ಅಚ್ಚು ಹಾಕುವ ಅಗ್ಗದ ಉಪಾಯಗಳಲ್ಲಿ ರೇಫವು ಒಂದು ಕಡೆ, ಗಕಾರವು ಒಂದು ಕಡೆ ಬಿದ್ದು ಊರು ಎರಡು ತುಂಡಾಗುವುದು. ಇದಲ್ಲದೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸಿ ‘ಯಲಬುರ‍್ಗಾ’ ಎಂದು ರೇಫದ ಕೆಳಗೆ ಗಕಾರವನ್ನಿಟ್ಟು ಬರೆಯುವವರೂ ಇದ್ದಾರೆ. ಓದುವವರಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಎರಡೂ ಬೇರೆಯಾಗಬಹುದು. ಕಟ್ಟಿದವನು ಆ ಅದೃಶ್ಯ ಚಿಹ್ನೆಯನ್ನು ಲೆಕ್ಕದಿಂದ ಬಿಡಿಸಲು ಮರೆತಿದ್ದರೆ, ಊರಿದ್ದೂ ‘ಇಲ್ಲ’ವೆಂಬ ಉತ್ತರವು ಬರುವುದು.

ಕೊನೆಯದು ‘ಗಂಗಾವತಿ’. ಒತ್ತಿಲ್ಲ, ಅರ್ಕಾವತ್ತಿಲ್ಲ, ನೋಡಿದರೆ ನಿರುಪದ್ರವಿ. ಆದರೆ ಇದರಲ್ಲಿರುವ ಸೊನ್ನೆಯೇ ಮೋಸ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ಕನ್ನಡದಲ್ಲಿ ಒಂದೇ ರೂಪದವು. ನಮ್ಮ ಕಣ್ಣಿಗೆ ಭೇದವಿಲ್ಲ. ಯಂತ್ರಕ್ಕೆ ಒಂದು ಸ್ವರದ ಸಂಗಾತಿ, ಇನ್ನೊಂದು ಲೆಕ್ಕದ ಅಂಕಿ. ಅವಸರದಲ್ಲಿ ಅಂಕಿಯ ಸೊನ್ನೆಯನ್ನು ಒತ್ತಿ ಬರೆದ ಗಂಗಾವತಿಯು ಎಷ್ಟೋ ಪಟ್ಟಿಗಳಲ್ಲಿ ಸೇರಿಕೊಂಡಿರುವುದು. ಅಂತಹ ಪಟ್ಟಿಯಲ್ಲಿ ಹುಡುಕಿದಾಗ ಸರಿಯಾಗಿ ಬರೆದವಳಿಗೇ ಊರು ಸಿಕ್ಕದು! ಬರೆಯುವಾಗಲೇ ‘ಅಕ್ಷರಗಳ ನಡುವೆ ಅಂಕಿ ಬಂದಿದೆ’ ಎಂದು ತಿಳಿದು ತಿದ್ದಿಕೊಳ್ಳುವಷ್ಟು ಬುದ್ಧಿಯನ್ನು ಪುಟಕ್ಕೆ ಕೊಡುವುದು ಮುಂಭಾಗದವರ ಕೆಲಸ, ಮತ್ತು ಅದು ಕಷ್ಟದ ಕೆಲಸವಲ್ಲ.

ಈ ತೊಡಕುಗಳಲ್ಲಿ ಕೆಲವಕ್ಕೆ ಹಳೆಯ ಚರಿತ್ರೆಯೂ ಕಾರಣವಾಗಿದೆ. ಗಣಕಯಂತ್ರದಲ್ಲಿ ಕನ್ನಡವು ಮೊದಲು ಬಂದಾಗ ಇಂಗ್ಲೀಷಿನ ಚಿಹ್ನೆಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂಡಿಸಿಡುತ್ತಿದ್ದರು. ಆ ಫಾಂಟು ಇದ್ದ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಪರಭಾಷೆಯ ಗೊಂದಲ. ಹಾಗಿದ್ದರೂ ಆ ಕಾಲದ ಪರಿಶ್ರಮವನ್ನು ನಾವು ಹಗುರವಾಗಿ ಎಣಿಸಬಾರದು. ಕೆ. ಪಿ. ರಾವ್ ಅವರು ಕನ್ನಡದ ವರ್ಣಮಾಲೆಗೆ ಹೊಂದುವಂತೆ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಸರ್ಕಾರದ ಆದರ್ಶವಾಯಿತು. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಲ್ಲಿಯೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಅನಂತರದಲ್ಲಿಯೂ ಸಾವಿರಾರು ಕಚೇರಿಗಳಿಗೆ, ಮುದ್ರಣಾಲಯಗಳಿಗೆ ಕನ್ನಡವನ್ನು ತಲುಪಿಸಿದುವು. ಯೂನಿಕೋಡ್ ಪಟ್ಟಿಯ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದರೂ ಅದು ಸಾಮಾನ್ಯರ ಯಂತ್ರಗಳಿಗೆ ಬರಲು ಇನ್ನೂ ಹತ್ತು ವರ್ಷಗಳು ಹಿಡಿದುವು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡದ ಫಾಂಟು ಬಂದಿತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯವು ಆರಂಭವಾಯಿತು. ಅಕ್ಷರವು ತೋರದಿದ್ದಾಗ ಬರುತ್ತಿದ್ದ ಖಾಲಿ ಚೌಕಗಳಿಗೆ ಇಂಗ್ಲೀಷಿನವರು ‘ಟೋಫು’ ಎಂದು ಹಾಸ್ಯದ ಹೆಸರನ್ನಿಟ್ಟಿದ್ದರು. ಆ ಟೋಫು ಇನ್ನಿಲ್ಲವಾಗಲಿ ಎಂಬ ಅರ್ಥದಲ್ಲಿಯೇ ಗೂಗಲ್ ಸಂಸ್ಥೆಯು ತನ್ನ ಬಹುಭಾಷಾ ಫಾಂಟಿಗೆ ‘ನೋಟೋ’ ಎಂದು ಹೆಸರಿಟ್ಟಿತು. ಇಂದು ಖಾಲಿ ಚೌಕಗಳು ಬಹುಮಟ್ಟಿಗೆ ಮಾಯವಾಗಿರುವುವು. ಅಕ್ಷರವು ತೆರೆಗೆ ಬಂದಿತು. ಅದಕ್ಕೆ ಕೂರಲು ತಕ್ಕ ಮಣೆಯನ್ನು ಹಾಕುವ ಕೆಲಸವಷ್ಟೇ ಉಳಿದಿದೆ, ಮತ್ತು ಅದನ್ನು ಮಾಡುವವರು ಕಡಿಮೆ.

ಕಡಿಮೆಯೇಕೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುವೆನು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ ಬೇಕಾದವರ ಮನೆಯಲ್ಲಿ ಕಾಲೇಜು ಸೇರಿದ ಹುಡುಗಿಯೊಬ್ಬಳು ಫೋನಿನಲ್ಲಿ ಅರ್ಜಿಯೊಂದನ್ನು ತುಂಬುತ್ತ ಕುಳಿತಿದ್ದಳು. ತಾಯಿಯು ಕಡಲೆಯನ್ನು ಹಸನು ಮಾಡುತ್ತ ಪಕ್ಕದಲ್ಲಿದ್ದಳು. ಹುಡುಗಿಯು ಮೊದಲು ಕನ್ನಡವನ್ನೇ ಆರಿಸಿಕೊಂಡಳು. ಪುಟದ ತಲೆಬರಹವು ಕನ್ನಡವಾಯಿತು. ಒಳಗಿನ ಅರ್ಧವು ಇಂಗ್ಲೀಷಾಗಿಯೇ ಉಳಿಯಿತು. ‘ಸಲ್ಲಿಸಿ’ ಎಂಬ ಗುಂಡಿಯಲ್ಲಿ ಒತ್ತು ಕತ್ತರಿಸಿ ‘ಸಲಿಸಿ’ ಎಂದಿತ್ತು; ‘ರದ್ದು’ ಎಂಬುದು ‘ರದು’ ಆಗಿತ್ತು. ಏನೋ ತಪ್ಪಾಯಿತೆಂದು ಕೆಂಪಕ್ಷರದಲ್ಲಿ ಬಂದ ಎಚ್ಚರಿಕೆಯು ಮಾತ್ರ ಶುದ್ಧ ಇಂಗ್ಲೀಷಿನಲ್ಲಿತ್ತು. ಎರಡು ಸಲ ಅರ್ಜಿಯು ಹಿಂದಿರುಗಿತು.

“ಏನಂತೈತ ತಂಗಿ ಅದು?” ಎಂದು ತಾಯಿ ಕೇಳಿದಳು.

“ಗೊತ್ತಾಗವಲ್ದವ್ವಾ. ಎಲ್ಲಿ ತಪ್ಪೈತಿ ಅಂತ ಹೇಳವಲ್ದು.”

“ಹಂಗಾರ ಇಂಗ್ಲೀಷದಾಗ ಹಾಕಿಬಿಡು. ಕನ್ನಡದಾಗ ಅದು ನೆಟ್ಟಗ ಬರೂದಿಲ್ಲ.”

ತಾಯಿಗೆ ಇಂಗ್ಲೀಷಿನ ಒಂದಕ್ಷರವೂ ಬಾರದು. ಇಂಗ್ಲೀಷಿಗೆ ತಿರುಗಿಸಿದ ಕ್ಷಣದಿಂದ ಆ ಅರ್ಜಿಯಲ್ಲಿ ಏನು ಬರೆದಿದೆ, ಎಷ್ಟು ಆದಾಯವೆಂದು ತೋರಿಸಿದೆ, ಯಾವ ಮಾತಿಗೆ ತಾನು ಒಪ್ಪಿಗೆ ಕೊಟ್ಟಂತಾಯಿತು ಎಂಬುದೆಲ್ಲ ಅವಳ ಕೈತಪ್ಪಿ ಹೋಯಿತು. ಆದರೂ ಅವಳು ಹೇಳಿದ್ದು ವ್ಯವಹಾರಕ್ಕೆ ಸರಿಯಾದ ಮಾತು. ಅರ್ಜಿಯು ಇಂಗ್ಲೀಷಿನಲ್ಲಿ ಒಡನೆಯೇ ಸಂದಿತು. ಮುಂದೆ ಯಾರಾದರೂ ಲೆಕ್ಕ ತೆಗೆದರೆ ‘ಕನ್ನಡದ ಪುಟವನ್ನು ಬಳಸುವವರು ಕಡಿಮೆ, ಅದಕ್ಕೆ ಖರ್ಚು ಮಾಡುವುದೇಕೆ?’ ಎಂದು ಅದೇ ಅರ್ಜಿಯು ಸಾಕ್ಷಿ ನುಡಿಯುವುದು. ಕೆಟ್ಟ ಕಟ್ಟಡವೇ ಜನರನ್ನು ಓಡಿಸಿ, ಜನರಿಲ್ಲವೆಂದು ಕಟ್ಟಡವನ್ನು ಇನ್ನಷ್ಟು ಕೆಡಿಸುವ ಈ ವಿಷಚಕ್ರವೇ ನನ್ನ ಮುಖ್ಯವಾದ ಆಕ್ಷೇಪ. ಕನ್ನಡದ ಪುಟವು ಸಾಮಾನ್ಯವಾಗಿ ಇಂಗ್ಲೀಷಿನ ಪುಟವೆಲ್ಲವೂ ಮುಗಿದ ಮೇಲೆ, ಹಣವೂ ಕಾಲವೂ ತೀರುತ್ತ ಬಂದಾಗ, ಶಬ್ದಗಳ ಪಟ್ಟಿಯೊಂದನ್ನು ಭಾಷಾಂತರಕಾರನಿಗೆ ಕೊಟ್ಟು ತರಿಸಿಕೊಂಡದ್ದು. ಆ ಭಾಷಾಂತರಕಾರನು ಗುಂಡಿಯನ್ನು ಕಂಡವನಲ್ಲ. ಗುಂಡಿಯನ್ನು ಮಾಡಿದವನು ಕನ್ನಡವನ್ನು ಬಲ್ಲವನಲ್ಲ. ಇಂಗ್ಲೀಷಿನಲ್ಲಿ ನಾಲ್ಕಕ್ಷರದ ಮಾತಿಗೆ ಕನ್ನಡದಲ್ಲಿ ‘ಮುಂದುವರಿಯಿರಿ’ ಎಂದು ಬಂದಾಗ ಗುಂಡಿಯು ಒಡೆಯುವುದು ಸಹಜವೇ. ಮೊದಲ ನಕ್ಷೆಯನ್ನೇ ಕನ್ನಡದ ಮಾತುಗಳಿಂದ ಬರೆದರೆ ಕನ್ನಡವೂ ನಿಲ್ಲುವುದು, ಅದಕ್ಕಿಂತ ಕಡಿಮೆ ಸ್ಥಳವನ್ನು ಬೇಡುವ ಇಂಗ್ಲೀಷೂ ಅದರಲ್ಲಿ ಧಾರಾಳವಾಗಿ ಕುಳಿತುಕೊಳ್ಳುವುದು.

ತೆರೆಯು ಚಿಕ್ಕದೆಂಬ ನೆಪವು ಈಗ ಸಲ್ಲದು. ೨೦೧೦ರಲ್ಲಿ ಅಮೆರಿಕದ ಈಥನ್ ಮಾರ್ಕಾಟ್ ಎಂಬವರು ಒಂದೇ ಪುಟವು ದೊಡ್ಡ ತೆರೆಗೂ ಚಿಕ್ಕ ತೆರೆಗೂ ತಾನೇ ಹೊಂದಿಕೊಳ್ಳುವ ಕ್ರಮವನ್ನು ವಿವರಿಸಿದ ಮೇಲೆ ಅದು ಜಗತ್ತಿನ ರೂಢಿಯಾಗಿದೆ. ಕುಷ್ಟಗಿಯ ನೆರೆಯ ಇಳಕಲ್ಲಿನ ಸೀರೆಯೊಂದನ್ನೇ ಎತ್ತರದವಳೂ ಗಿಡ್ಡವಳೂ ನೆರಿಗೆಯನ್ನು ಹೆಚ್ಚು ಕಡಿಮೆ ಹಿಡಿದು ಉಡುವಂತೆ ಈ ಉಪಾಯವು. ಬಟ್ಟೆಯನ್ನು ಕತ್ತರಿಸಬೇಕಾಗಿಲ್ಲ.

ಭಾರದ ಮಾತನ್ನೂ ಸ್ವಲ್ಪ ಹೇಳಬೇಕು. ಈ ಲೇಖನದಷ್ಟು ಉದ್ದದ ಕನ್ನಡ ಬರಹವು ಅರವತ್ತು ಕಿಲೋಬೈಟುಗಳ ಆಸುಪಾಸಿನಲ್ಲಿ ಅಡಗುವುದು. ಲೋಕದಲ್ಲಿ ಇಂದಿನ ಸಾಧಾರಣ ಜಾಲಪುಟವೊಂದರ ಭಾರವು ಎರಡು ಮೆಗಾಬೈಟುಗಳನ್ನು ಮೀರಿದೆ. ಅಂದರೆ ಇದರ ಮೂವತ್ತು ಪಾಲಿಗೂ ಹೆಚ್ಚು. ಇದರಲ್ಲಿ ಬಹುಪಾಲು ಚಿತ್ರಗಳೂ ಜಾವಾಸ್ಕ್ರಿಪ್ಟೂ. ಮನೆಯ ಮುಂದಿನ ಕಟ್ಟೆಗೆ ಬಂದು ಕೈಯನ್ನು ಮೇಲೆತ್ತಿದರೆ ಮಾತ್ರ ಸಿಗ್ನಲ್ ಸಿಕ್ಕುವ ಹಳ್ಳಿಗಳಲ್ಲಿ ಓಡಾಡುವ ಚಿತ್ರಗಳ ಮೆರವಣಿಗೆಯು ಯಾರಿಗೆ ಬೇಕು? ಕನ್ನಡದ ಫಾಂಟಿನಲ್ಲಿ ಒತ್ತು, ಗುಣಿತಗಳ ನೂರಾರು ಆಕಾರಗಳಿರುವುದರಿಂದ ಅದರ ಕಡತವೂ ಇಂಗ್ಲೀಷಿನದಕ್ಕಿಂತ ಭಾರ. ಅದು ಇಳಿದು ಬರುವವರೆಗೆ ಪುಟವನ್ನು ಬರಿದಾಗಿ ಇಡುವವರೂ ಇದ್ದಾರೆ. ‘ಅಲಂಕಾರದ ಫಾಂಟು ಬರುವತನಕ ಫೋನಿನಲ್ಲಿರುವ ಕನ್ನಡದಲ್ಲಿಯೇ ತೋರಿಸು’ ಎಂದು ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬರೆದರೆ ಈ ಕಷ್ಟವಿಲ್ಲ. ಬಿಳಿಯ ಮೇಲೆ ತೆಳುಬೂದಿ ಬಣ್ಣದಲ್ಲಿ ಬರೆಯುವ ಹೊಸ ಶೋಕಿಯೂ ಹಾಗೆಯೇ. ಜಾಲಪುಟಗಳ ಸುಗಮತೆಗೆ ಅಂತರರಾಷ್ಟ್ರೀಯ ಮಂಡಲಿಯು ಮಾಡಿದ ನಿಯಮಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯಲ್ಲಿ ನಾಲ್ಕೂವರೆಗೆ ಒಂದರ ಅಂತರವಾದರೂ ಇರಬೇಕೆಂದಿದೆ. ಗಂಗಾವತಿಯ ಗದ್ದೆಯ ಬದುವಿನ ಮೇಲೆ ವೈಶಾಖದ ಬಿಸಿಲಿನಲ್ಲಿ ಭತ್ತದ ಧಾರಣೆಯನ್ನು ನೋಡುವವನಿಗೆ ಆ ನಾಲ್ಕೂವರೆಯೂ ಕಡಿಮೆಯೆಂದು ನನ್ನ ಎಣಿಕೆ.

ಕಣ್ಣಿಲ್ಲದವರ ವಿಷಯವನ್ನು ಬಿಟ್ಟರೆ ಈ ಲೇಖನವು ಅರ್ಧವಾದೀತು. ಪುಟವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳುಂಟು. ಆಸ್ಟ್ರೇಲಿಯದ ಇಬ್ಬರು ಅಂಧ ಯುವಕರು, ಮೈಕೇಲ್ ಕರನ್ ಮತ್ತು ಜೇಮ್ಸ್ ಟೆ, ೨೦೦೬ರಲ್ಲಿ ಕೈಹಚ್ಚಿ ಬೆಳೆಸಿದ ಎನ್‌ವಿಡಿಎ ಎಂಬುದು ಉಚಿತವಾಗಿ ದೊರೆಯುವುದು. ಅದರೊಡನೆ ಬರುವ ಧ್ವನಿಯಂತ್ರಕ್ಕೆ ಕನ್ನಡವೂ ಬರುವುದು. ಆದರೆ ಪುಟವು ಯಾವ ಭಾಷೆಯದೆಂದು ಅದಕ್ಕೆ ತಿಳಿಯುವುದು ಹೇಗೆ? ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿ ‘ಕೆ’ ‘ಎನ್’ ಎಂಬ ಎರಡು ಇಂಗ್ಲೀಷ್ ಅಕ್ಷರಗಳಿಂದ ‘ಇದು ಕನ್ನಡ’ವೆಂದು ಸಾರಬೇಕು. ಇಂಗ್ಲೀಷಿನ ಪುಟವನ್ನು ನಕಲು ಮಾಡಿ ಮ್ಯಾಟರನ್ನಷ್ಟೇ ಬದಲಿಸಿದಾಗ ಆ ಎರಡಕ್ಷರಗಳು ಇಂಗ್ಲೀಷಿನವೇ ಆಗಿ ಉಳಿಯುವುವು. ಆಗ ಯಂತ್ರವು ಕನ್ನಡವನ್ನು ಇಂಗ್ಲೀಷಿನ ಬಾಯಿಂದ ಓದಲು ಹೊರಟು ತೊದಲುವುದು, ಇಲ್ಲವೆ ಮೌನ ತಾಳುವುದು. ಕಾಗದದ ಪ್ರಕಟಣೆಯ ಫೋಟೋ ತೆಗೆದು ಪುಟಕ್ಕೆ ಅಂಟಿಸುವ ರೂಢಿಯಂತೂ ಇನ್ನೂ ಕೆಟ್ಟದ್ದು. ಅಂಧನಿಗೆ ಅದು ಕೇಳದು, ಹುಡುಕುವವನಿಗೆ ಅದು ಸಿಕ್ಕದು. ಭಾರತ ಸರ್ಕಾರದ ಜಾಲತಾಣಗಳಿಗೆ ೨೦೦೯ರಿಂದಲೇ ಮಾರ್ಗಸೂಚಿಗಳಿವೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇದನ್ನು ದಯೆಯ ವಿಷಯವಾಗಿ ಬಿಡದೆ ಹಕ್ಕಿನ ವಿಷಯವಾಗಿ ಮಾಡಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ಎಸ್‌ತ್ರೀವಾಸ್ ಎಂಬ ಸಿದ್ಧ ಚೌಕಟ್ಟಿನ ಮೇಲೆ ದೇಶದ ಜಿಲ್ಲಾ ಜಾಲತಾಣಗಳನ್ನು ನಿಲ್ಲಿಸಿ, ಅಕ್ಷರವನ್ನು ಹಿಗ್ಗಿಸುವ, ಬಣ್ಣವನ್ನು ತಿರುಗಿಸುವ ಅನುಕೂಲವನ್ನು ಕಲ್ಪಿಸಿರುವುದು ಪ್ರಶಂಸನೀಯ. ಚೌಕಟ್ಟು ಒಳ್ಳೆಯದಿದ್ದರೂ ಅದರೊಳಗೆ ದಿನದಿನವೂ ಅಂಟಿಸುವುದೇನೆಂಬುದು ಅಂಟಿಸುವವರ ಕೈಯಲ್ಲಿದೆ.

ನಮ್ಮ ಓದುಗರ ಮನೆಗಳಲ್ಲಿ ಈ ಕಸುಬನ್ನು ಕಲಿಯುತ್ತಿರುವ ಮಕ್ಕಳು ಈಗ ಅನೇಕರಿದ್ದಾರೆ. ಇದಕ್ಕೆ ದೊಡ್ಡ ಬಂಡವಾಳವು ಬೇಡ, ಕಲಿಯುವ ಸಾಮಗ್ರಿಯು ಬಹುಮಟ್ಟಿಗೆ ಉಚಿತ, ಮನೆಯಲ್ಲಿದ್ದೇ ದುಡಿಯಬಹುದು. ಈಚೆಗೆ ಕೃತಕ ಬುದ್ಧಿಯ ಯಂತ್ರಗಳು ಕೇಳಿದೊಡನೆ ಪುಟಕ್ಕೆ ಪುಟವನ್ನೇ ಬರೆದುಕೊಡುತ್ತಿರುವುದರಿಂದ ‘ಇನ್ನು ಈ ವಿದ್ಯೆಗೆ ಬೆಲೆಯುಂಟೆ?’ ಎಂದು ತಂದೆತಾಯಿಗಳು ಶಂಕಿಸುವುದುಂಟು. ಆ ಯಂತ್ರಗಳು ಹೆಚ್ಚಾಗಿ ಕಂಡದ್ದು ಇಂಗ್ಲೀಷಿನ ಪುಟಗಳನ್ನು. ಕೇಳದಿದ್ದರೆ ಇಂಗ್ಲೀಷಿನ ಅಳತೆಯ ಗುಂಡಿಯನ್ನೇ ಅವು ಕೊಡುವುವು. ಒತ್ತು ಕತ್ತರಿಸಿತೆಂದು ಕಂಡು ಹೇಳುವ ಕಣ್ಣು ಕನ್ನಡ ಓದುವವರದೇ ಆಗಬೇಕು, ಮತ್ತು ಯಲಬುರ್ಗಾದ ಹುಡುಗಿಗೆ ಆ ಕಣ್ಣು ಹುಟ್ಟಿನಿಂದ ಬಂದದ್ದು. ಅವಳು ತಾನು ಕಟ್ಟುವ ಪ್ರತಿಯೊಂದು ಪುಟದಲ್ಲಿಯೂ ನಾಲ್ಕು ಊರುಗಳ ಹೆಸರನ್ನು ಮೊದಲು ಬರೆದು ನೋಡಲಿ; ಅಗ್ಗದ ಫೋನಿನಲ್ಲಿ ನೋಡಲಿ, ಅಂಗಳದ ಬಿಸಿಲಿನಲ್ಲಿ ನೋಡಲಿ.

ಪುಟವನ್ನು ಕಟ್ಟದ ನಾವು ಮಾಡಬಹುದಾದ ಕೆಲಸವೂ ಒಂದುಂಟು. ಬಹುತೇಕ ಸರ್ಕಾರಿ ಜಾಲತಾಣಗಳ ಅಡಿಯಲ್ಲಿ ‘ಪ್ರತಿಕ್ರಿಯೆ’ ಎಂಬ ಕೊಂಡಿಯಿರುವುದು. ಒತ್ತು ಹೋದ ಅಕ್ಷರವು ಕಂಡರೆ ಆ ತೆರೆಯ ಚಿತ್ರವನ್ನು ಹಿಡಿದಿಟ್ಟುಕೊಂಡು, ಪುಟದ ವಿಳಾಸ, ಫೋನಿನ ಹೆಸರು, ಬ್ರೌಸರಿನ ಹೆಸರು, ದಿನಾಂಕ ಇಷ್ಟನ್ನು ಸೇರಿಸಿ ಕಳುಹಿಸಿದರೆ ದುರಸ್ತಿ ಮಾಡುವವರಿಗೆ ಹುಡುಕುವ ಶ್ರಮವು ತಪ್ಪುವುದು. ‘ಕನ್ನಡ ಸರಿಯಿಲ್ಲ’ ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯದು. ‘ಸಲ್ಲಿಸಿ ಎಂಬ ಗುಂಡಿಯಲ್ಲಿ ಲಕಾರದ ಒತ್ತು ಕಾಣುವುದಿಲ್ಲ’ ಎಂದು ಬರೆಯಬೇಕು. ಪತ್ರವನ್ನು ಕನ್ನಡದಲ್ಲಿಯೇ ಬರೆಯಿರಿ. ಆ ಪ್ರತಿಕ್ರಿಯೆಯ ಪೆಟ್ಟಿಗೆಯು ನಿಮ್ಮ ಕನ್ನಡವನ್ನು ನಡುವೆ ತುಂಡರಿಸಿದರೆ ಅದನ್ನೂ ಎರಡನೆಯ ದೂರಾಗಿ ಸೇರಿಸಿರಿ.